ಅರ್ಧ ಬ್ಲೇಡು

ರಕ್ತ ಕೊಟ್ಟು ಬಂದ ದಿನ ಸೊಸೆಗೆ ಮನೆಯಲ್ಲಿ ರಾಜೋಪಚಾರ ನಡೆದಿತ್ತು. ಅತ್ತೆ ತಾನೇ ಎರಡು ಮೊಟ್ಟೆ ಬೇಯಿಸಿ, ಉಪ್ಪು ಮೆಣಸು ಉದುರಿಸಿ, ಹೊಲಿಗೆ ಮಿಷನ್ನಿನ ಪಕ್ಕಕ್ಕೇ ತಂದುಕೊಟ್ಟಿದ್ದಳು. "ತಿನ್ನು ತಿನ್ನು. ಮೈಯಲ್ಲಿ ಇದ್ದದ್ದೇ ಒಂದು ಲೋಟ ರಕ್ತ, ಅದನ್ನೂ ದಾನ ಮಾಡಿ ಬಂದಿದ್ದಾಳೆ ಮಹಾತಾಯಿ" ಎಂದು ಬೈದಿದ್ದಳು. ಬೈಗುಳ ಬಾಯಿಗೆ ಮಾತ್ರ, ಒಳಗೊಳಗೆ ಹೆಮ್ಮೆ. ಬೀದಿ ಮೂಲೆಯ ಬೇಕರಿಯವಳ ಗಂಡನಿಗೆ ಆಪರೇಷನ್ನು ಅಂತ ಅವಳು ರಕ್ತಕ್ಕಾಗಿ ಮನೆ ಮನೆ ಅಲೆದಾಗ, ಹಿಂದೆ ಮುಂದೆ ನೋಡದೆ ಚಪ್ಪಲಿ ಮೆಟ್ಟಿ ಹೊರಟವಳು ಇಡೀ ಬೀದಿಯಲ್ಲಿ ಇವಳೊಬ್ಬಳೇ.

ಎರಡು ವಾರ ಕಳೆದ ಮೇಲೆ ರಕ್ತನಿಧಿಯಿಂದ ಫೋನು ಬಂತು. "ನೀವು ಕೊಟ್ಟ ರಕ್ತದ ವಿಷಯ ಸ್ವಲ್ಪ ಮಾತಾಡಬೇಕಿತ್ತು, ಒಮ್ಮೆ ಬಂದು ಹೋಗಿ" ಅಂದಳು ಆ ಕಡೆಯ ಹುಡುಗಿ. ಅದಕ್ಕಿಂತ ಹೆಚ್ಚಿಗೆ ಬಾಯಿ ಬಿಡಲಿಲ್ಲ. ಇನ್ನೊಂದು ಬಾಟಲಿ ಬೇಕೇನೋ ಅಂದುಕೊಂಡು ಸೊಸೆ ಹೊಟ್ಟೆ ತುಂಬ ಊಟ ಮಾಡಿಕೊಂಡೇ ಹೋದಳು.

ಡಾಕ್ಟರಮ್ಮ ಬಾಗಿಲು ಹಾಕಿಕೊಂಡು ಮೆತ್ತಗೆ ಹೇಳಿದರು. ಹೆಪಟೈಟಿಸ್ ಸಿ ಅಂತ ಒಂದು ವೈರಸ್ಸು, ಅದು ನಿಮ್ಮ ರಕ್ತದಲ್ಲಿ ಇರುವ ಹಾಗೆ ಕಾಣುತ್ತೆ. ಇನ್ನೊಂದು ಪರೀಕ್ಷೆ ಮಾಡಿ ಖಚಿತ ಮಾಡಿಕೊಳ್ಳೋಣ.

"ನನಗೇನೂ ಆಗಿಲ್ವಲ್ಲ ಮೇಡಂ? ಒಂದು ಜ್ವರ ಸಹ ಬಂದಿಲ್ಲ."

"ಅದೇ ಇದರ ಬುದ್ಧಿ. ಸದ್ದಿಲ್ಲದೆ ವರ್ಷಗಟ್ಟಲೆ ಲಿವರ್‌ನಲ್ಲಿ ಕೂತು ಅದನ್ನ ಹಾಳು ಮಾಡ್ತಾ ಇರುತ್ತೆ. ಸಿಕ್ಕಿಬಿದ್ದದ್ದು ಒಳ್ಳೇದಾಯ್ತು ಅಂದ್ಕೊಳ್ಳಿ. ಈಗ ಒಳ್ಳೇ ಮಾತ್ರೆ ಇದೆ, ದಿನಕ್ಕೊಂದರಂತೆ ಮೂರು ತಿಂಗಳು. ಹೆಚ್ಚುಕಮ್ಮಿ ಎಲ್ಲರಿಗೂ ಪೂರ್ತಿ ಹೋಗಿಬಿಡುತ್ತೆ."

"ನನಗೆ ಮಗು ಇದೆ ಮೇಡಂ. ಐದು ವರ್ಷ."

"ಮಗೂನ ಎತ್ಕೊಳ್ಳಿ, ಮುದ್ದು ಮಾಡಿ, ಒಂದೇ ತಟ್ಟೇಲಿ ಊಟ ಮಾಡಿ. ಅದರಿಂದೆಲ್ಲ ಬರಲ್ಲ. ಒಬ್ಬರ ರಕ್ತ ಇನ್ನೊಬ್ಬರ ರಕ್ತಕ್ಕೆ ಸೇರಿದರೆ ಮಾತ್ರ. ಆದರೂ ಮನೆಯವರನ್ನೆಲ್ಲ ಒಂದು ಸಲ ಪರೀಕ್ಷೆಗೆ ಕರ್ಕೊಂಡು ಬನ್ನಿ."

ಇಷ್ಟನ್ನೂ ಸೊಸೆ ಮನೆಗೆ ಬಂದು ಒಂದಕ್ಷರ ಬಿಡದೆ ಒಪ್ಪಿಸಿದಳು. ಅತ್ತೆಯ ಕಿವಿಗೆ ಬಿದ್ದದ್ದು ವೈರಸ್ಸು ಎಂಬ ಒಂದೇ ಮಾತು. ಒಲೆಯ ಮೇಲಿನ ಬೇಳೆ ಉಕ್ಕಿ ಚೆಲ್ಲುತ್ತಿದ್ದರೂ ಅವಳಿಗೆ ಗೊತ್ತಾಗಲಿಲ್ಲ.

"ನಿಮ್ಮ ತವರಲ್ಲಿ ಯಾರಿಗಾದ್ರೂ ಇತ್ತೇನೇ?"

"ನನಗೆ ಗೊತ್ತಿರೋ ಹಾಗೆ ಇಲ್ಲ ಅತ್ತೆ."

"ಗೊತ್ತಿರಲ್ಲ ಬಿಡು. ಗೊತ್ತಿದ್ರೆ ಮದುವೆಗೆ ಮುಂಚೆ ಹೇಳ್ತಿದ್ರಾ!"

ಅವತ್ತು ಸಂಜೆಯೇ ಸೊಸೆಯ ತಟ್ಟೆ, ಲೋಟ, ಚಮಚ ಮೂರೂ ಅಡುಗೆಮನೆಯ ಕಪಾಟಿನಿಂದ ಕಿಟಕಿಯ ಕಟ್ಟೆಗೆ ವರ್ಗವಾದವು. ಗುರುತಿಗೆ ಇರಲಿ ಅಂತ ಅತ್ತೆ ಲೋಟಕ್ಕೊಂದು ಕೆಂಪು ದಾರ ಬೇರೆ ಕಟ್ಟಿದಳು. ದಾರ ಸೊಸೆಯ ಹೊಲಿಗೆ ಡಬ್ಬಿಯದೇ. ಮಲಗುವ ಹೊತ್ತಿಗೆ ಮೊಮ್ಮಗಳ ದಿಂಬೂ ಹೊದಿಕೆಯೂ ಅಜ್ಜಿಯ ಮಂಚಕ್ಕೆ ಬಂದವು. ಮೊಮ್ಮಗಳನ್ನು ಮನೆಯಲ್ಲಿ ಗುಂಡಿ ಅಂತ ಕರೆಯುತ್ತಿದ್ದರು, ಅಮ್ಮನ ಡಬ್ಬಿಯ ಅಂಗಿಗುಂಡಿಗಳೇ ಅವಳ ಆಟದ ಸಾಮಾನಾದ್ದರಿಂದ.

"ಅಮ್ಮನ ಹತ್ತಿರ ಯಾಕೆ ಮಲಗಬಾರದು?" ಅಂತ ಗುಂಡಿ ಕೇಳಿದಳು.

"ಅಮ್ಮನಿಗೆ ಹುಷಾರಿಲ್ಲ."

"ಹುಷಾರಿಲ್ಲದೆ ಇದ್ರೆ ಯಾಕೆ ಬಟ್ಟೆ ಹೊಲೀತಿದ್ದಾಳೆ?"

"ಸುಮ್ನೆ ಮಲಗು, ತಲೆಹರಟೆ" ಎಂದು ಅಜ್ಜಿ ಹೊದಿಕೆ ಎಳೆದಳು.

ಸೊಸೆ ಗೋಡೆಯ ಈ ಕಡೆ ಮಲಗಿ ಅದನ್ನೆಲ್ಲ ಕೇಳಿಸಿಕೊಂಡಳು. ತಟ್ಟೆ ಬೇರೆ ಮಾಡಿದ್ದಕ್ಕೆ ಅವಳಿಗೆ ಅಷ್ಟು ಬೇಸರವಾಗಿರಲಿಲ್ಲ. ಮಗಳ ದಿಂಬು ಇದ್ದ ಖಾಲಿ ಜಾಗವನ್ನು ಮಾತ್ರ ಮತ್ತೆ ಮತ್ತೆ ಸವರಿದಳು. ಪಕ್ಕದಲ್ಲಿ ಗಂಡ ಮೈಮುದುಡಿ ಕೂತಿದ್ದ. ಅವನು ಮನೆಗಳಿಗೆ ವೈರಿಂಗ್ ಮಾಡುವವನು. ಎದೆಯವರೆಗೆ ಗಡ್ಡ. ಅಪ್ಪನಿಗೆ ಬಸ್ ನಿಲ್ದಾಣದ ಎದುರು ಸಲೂನು, ಮಗನಿಗೆ ಈ ಗಡ್ಡ. "ಊರವರ ಮುಖವೆಲ್ಲ ನುಣ್ಣಗೆ ಮಾಡೋನ ಮನೇಲಿ ಒಂದು ಕರಡಿ" ಅಂತ ಅಪ್ಪ ಹೇಳಿ ಹೇಳಿ, ಕರಡಿ ಎಂಬುದೇ ಅವನ ಹೆಸರಾಗಿಹೋಗಿತ್ತು.

"ಅಮ್ಮನಿಗೆ ನೀವಾದ್ರೂ ಹೇಳಬಾರದಾ?" ಅಂದಳು.

"ಹೇಳಿದೆ ಮಾರಾಯ್ತಿ. ಹೆಂಡತಿ ಹೇಳಿಕೊಟ್ಟಿದ್ದನ್ನ ಗಿಣಿ ಹಾಗೆ ಒಪ್ಪಿಸ್ತೀಯ ಅಂದ್ಲು."

ವಾರದೊಳಗೆ ಮನೆಯವರೆಲ್ಲ ಹೋಗಿ ಕೈಚಾಚಿ ರಕ್ತ ಕೊಟ್ಟು ಬಂದರು. ಗುಂಡಿ ಆಸ್ಪತ್ರೆ ಹಾರಿಹೋಗುವಂತೆ ಕಿರುಚಿದಳು. ಫಲಿತಾಂಶ ಬಂದಾಗ ಅತ್ತೆಗೆ ಇಲ್ಲ, ಕರಡಿಗೆ ಇಲ್ಲ, ಗುಂಡಿಗೂ ಇಲ್ಲ. ಸೊಸೆ ಆಸ್ಪತ್ರೆಯ ಮೆಟ್ಟಿಲ ಮೇಲೇ ಕೂತು ಮಗಳನ್ನು ತಬ್ಬಿಕೊಂಡು ಅತ್ತಳು. ಎರಡನೇ ಪರೀಕ್ಷೆಯಲ್ಲಿ ತನಗೆ ಇದೆ ಎಂದು ಖಚಿತವಾದದ್ದು ಆ ಕ್ಷಣಕ್ಕೆ ಮರೆತೇ ಹೋಗಿತ್ತು. ಆಮೇಲೆ ತಿಳಿಯಿತು, ಮಾವನಿಗೂ ಇದೆ.

ಮಾವ, ಸೊಸೆ ಇಬ್ಬರನ್ನೂ ಆಸ್ಪತ್ರೆಯವರು ಲಿವರ್ ಸ್ಕ್ಯಾನಿಗೆ ಕರೆಸಿದರು. ಸೊಸೆಯದು ಮೆತ್ತಗಿದೆ, ಏನೂ ಹಾಳಾಗಿಲ್ಲ ಅಂದರು ಡಾಕ್ಟರಮ್ಮ. ಮಾವನ ಸ್ಕ್ಯಾನು ನೋಡಿ ಕನ್ನಡಕ ಸರಿಮಾಡಿಕೊಂಡರು.

"ಗಟ್ಟಿಯಾಗಿಬಿಟ್ಟಿದೆ ಯಜಮಾನ್ರೇ. ಇದು ನಿನ್ನೆ ಮೊನ್ನೆಯದಲ್ಲ, ಇಪ್ಪತ್ತು ವರ್ಷದ್ದಾದ್ರೂ ಇರಬೇಕು. ಇನ್ನೊಂದೆರಡು ವರ್ಷ ಬಿಟ್ಟು ಬಂದಿದ್ರೆ ಹೊಟ್ಟೇಲಿ ನೀರು ತುಂಬಿಕೊಂಡು ಬರ್ತಿದ್ರಿ. ಏನು ಕೆಲಸ ನಿಮ್ದು?"

"ಸಲೂನಮ್ಮ. ಹುಡುಗ ಇದ್ದಾಗಿಂದ."

"ಬ್ಲೇಡು?"

ಮಾವ ನೆಟ್ಟಗೆ ಕೂತರು. ಇದು ಅವರ ಹೆಮ್ಮೆಯ ವಿಷಯ. "ಒಬ್ಬರಿಗೆ ಹಾಕಿದ್ದು ಇನ್ನೊಬ್ಬರಿಗೆ ಹಾಕಿದೋನಲ್ಲ ನಾನು. ಹೊಸ ಬ್ಲೇಡು ಎರಡು ಹೋಳು ಮಾಡಿ, ಗಿರಾಕಿ ಕಣ್ಣೆದುರೇ ಕತ್ತಿಗೆ ಅರ್ಧ ಸಿಕ್ಕಿಸೋದು. ಮುಂದಿನವನಿಗೆ ಇನ್ನರ್ಧ. ಹಿಂದೆ ಒಂದೇ ಕತ್ತೀಲಿ ಎಲ್ಲರಿಗೂ ಮಾಡ್ತಿದ್ವಿ, ಸುಳ್ಳು ಹೇಳಲ್ಲ. ನನ್ನ ಕೈಯನ್ನೂ ಎಷ್ಟೋ ಸಲ ಕುಯ್ಕೊಂಡಿದ್ದೀನಿ. ಈಗ ಹಾಗಿಲ್ಲ."

"ಒಳ್ಳೇದು. ಉಪಯೋಗಿಸಿದ ಅರ್ಧ ಬ್ಲೇಡು ಏನು ಮಾಡ್ತೀರಿ?"

"ಬಿಸಾಕೋಕೆ ಮನಸ್ಸು ಬರುತ್ತಾ? ಇನ್ನೂ ನಾಲ್ಕು ಗಡ್ಡ ತೆಗೆಯೋಷ್ಟು ಹರಿತ ಇರುತ್ತೆ. ಡಬ್ಬೀಲಿ ಹಾಕಿ ಮನೆಗೆ ತರ್ತೀನಿ. ನಾನು ಮನೇಲಿ ಗಡ್ಡ ಮಾಡ್ಕೊಳ್ಳೋದು ಅದರಲ್ಲೇ. ಇವಳಿಗೂ..."

ಅಲ್ಲಿಗೆ ಮಾತು ನಿಂತಿತು. ಮಾವ ಸೊಸೆಯ ಕೈ ನೋಡಿದರು. ಸೊಸೆಯೂ ತನ್ನ ಕೈ ತಾನೇ ನೋಡಿಕೊಂಡಳು. ಹೆಬ್ಬೆರಳಲ್ಲಿ, ತೋರುಬೆರಳಲ್ಲಿ ಸಣ್ಣ ಸಣ್ಣ ಗೀರು. ತಪ್ಪು ಹೊಲಿಗೆ ಬಿಚ್ಚಲು, ಹಳೇ ಪ್ಯಾಂಟಿನ ಅಂಚು ಬಿಡಿಸಲು, ಮದುವೆಯಾಗಿ ಬಂದಂದಿನಿಂದ ಅವಳು ಹಿಡಿದದ್ದು ಆ ಡಬ್ಬಿಯ ಅರ್ಧ ಬ್ಲೇಡುಗಳನ್ನೇ. "ಕತ್ತರಿಗಿಂತ ಇದು ಚೆನ್ನ ಕಣಮ್ಮ, ಬಟ್ಟೆಗೆ ಏಟಾಗಲ್ಲ" ಅಂತ ಮೊದಲ ದಿನವೇ ಮಾವ ಪ್ರೀತಿಯಿಂದ ಕೊಟ್ಟಿದ್ದರು. ಗಡ್ಡ ಮಾಡಿಕೊಂಡು ಅದೇ ಡಬ್ಬಿಗೆ ವಾಪಸ್ ಹಾಕುತ್ತಿದ್ದರು, ಅದರಿಂದಲೇ ಇವಳು ತೆಗೆದುಕೊಳ್ಳುತ್ತಿದ್ದಳು. ಗಡ್ಡ ಬಿಟ್ಟದ್ದಕ್ಕೆ ಕರಡಿ ಬಚಾವು. ಅತ್ತೆಗೆ ಬ್ಲೇಡು ಕಂಡರೇ ಭಯ, ಅವಳೂ ಬಚಾವು.

"ಹೀಗೇ ಬಂತು ಅಂತ ಯಾರೂ ಪ್ರಮಾಣ ಮಾಡಿ ಹೇಳೋಕಾಗಲ್ಲ. ಆದರೆ ದಾರಿ ಇದೇ ಇರಬೇಕು" ಅಂದರು ಡಾಕ್ಟರಮ್ಮ. "ಆ ಡಬ್ಬಿ ಇವತ್ತೇ ಆಚೆ ಹೋಗಲಿ. ಇಬ್ಬರೂ ಮಾತ್ರೆ ಶುರು ಮಾಡಿ."

ಬಸ್ಸಿನಲ್ಲಿ ಮಾವ ಮೆಲ್ಲಗೆ ಅಂದರು: "ಮನೇಲಿ ನಾನೇ ಹೇಳ್ತೀನಮ್ಮ. ಸ್ವಲ್ಪ ಸಮಯ ನೋಡಿ ಹೇಳ್ತೀನಿ. ಇವಳ ಬಾಯಲ್ಲಿ ಮಾತು ನಿಲ್ಲಲ್ಲ, ನಿನಗೆ ಗೊತ್ತಲ್ಲ. ಬ್ಲೇಡು ಅಂದ್ರೆ ಸಾಕು, ಅಂಗಡಿಗೆ ಒಂದು ನರಪಿಳ್ಳೆ ಬರಲ್ಲ."

"ಹೂಂ ಮಾವ" ಅಂದಳು ಸೊಸೆ. ಮಾವನ ಮೇಲೆ ಅವಳಿಗೆ ಅಷ್ಟು ಗೌರವ.

ಆ ಸಮಯ ಬರಲೇ ಇಲ್ಲ ಅನ್ನಿ. ಮನೆಗೆ ಕಾಲಿಟ್ಟ ಕೂಡಲೇ ಅತ್ತೆ ಎದೆ ಬಡಿದುಕೊಂಡಳು. "ಅಯ್ಯೋ, ನಾನು ಅಂದ್ಕೊಂಡ ಹಾಗೇ ಆಯ್ತಲ್ಲ! ಇವಳು ತಂದಳು, ಇವರಿಗೂ ಅಂಟಿಸಿದಳು. ಅರವತ್ತು ವರ್ಷ ಒಂದು ಮಾತ್ರೆ ನುಂಗದ ಜೀವ!"

ಸೊಸೆ ಮಾವನ ಮುಖ ನೋಡಿದಳು. ಮಾವ ಹೂಜಿಯಿಂದ ನೀರು ಬಗ್ಗಿಸಿಕೊಂಡು ಕುಡಿದರು, ಲೋಟ ಕೆಳಗಿಟ್ಟರು, ಅಂಗಡಿ ಬೀಗದ ಕೈ ಹುಡುಕುತ್ತಾ ಹೊರಟೇಹೋದರು.

ಅಂದಿನಿಂದ ಅವಳ ಹೆಸರಿಗೆ ಒಂದು ಬಾಲ ಅಂಟಿಕೊಂಡಿತು, ಕಾಯಿಲೆ ತಂದವಳು. ಅತ್ತೆ ಬೇಕರಿಯವಳ ಹತ್ತಿರ ಬ್ರೆಡ್ಡು ತರಲು ಹೋದಾಗ ಕಣ್ಣೀರು ಹಾಕಿಕೊಂಡು ಹೇಳಿದಳಂತೆ, "ಯಾರಿಗೂ ಹೇಳ್ಬೇಡ" ಎಂಬ ಮಾತೂ ಸೇರಿಸಿ. ಬೇಕರಿಯವಳು ಯಾರಿಗೂ ಹೇಳಲಿಲ್ಲ, ಬ್ರೆಡ್ಡು ಕೊಳ್ಳಲು ಬಂದವರಿಗೆ ಮಾತ್ರ ಹೇಳಿದಳು. "ಪುಣ್ಯಕ್ಕೆ ಅವಳ ರಕ್ತ ನಮ್ಮವರಿಗೆ ಹಾಕಲಿಲ್ಲ" ಎಂದೂ ಸೇರಿಸಿದಳು. ಹೊಲಿಯಲು ಕೊಟ್ಟ ಬಟ್ಟೆಗಳನ್ನು ಒಬ್ಬೊಬ್ಬರೇ ಬಂದು, ಊರಿಗೆ ಹೋಗ್ತಿದ್ದೀವಿ, ಆಮೇಲೆ ಕೊಡ್ತೀವಿ ಎಂದು ವಾಪಸ್ ಒಯ್ದರು. ಒಂದೇ ವಾರದಲ್ಲಿ ಅರ್ಧ ಬೀದಿ ಊರಿಗೆ ಹೊರಟುನಿಂತಿತ್ತು. ಮುಂದಿನ ಕೋಣೆಯಲ್ಲಿ ದಿನವಿಡೀ ಗಡಗಡ ಅನ್ನುತ್ತಿದ್ದ ಮಿಷನ್ನು ಮಧ್ಯಾಹ್ನಕ್ಕೆಲ್ಲ ಬಾಯಿ ಮುಚ್ಚಿ ಕೂರತೊಡಗಿತು.

ಒಂದು ಸಂಜೆ ಊಟಕ್ಕೆ ಕೂತಾಗ ಸೊಸೆಗೆ ತಡೆಯಲಾಗಲಿಲ್ಲ. ಅತ್ತೆ ಎಂದಿನಂತೆ ಗಂಡನ ತಟ್ಟೆಯಿಂದಲೇ ಒಂದು ಹೋಳು ಆಲೂಗಡ್ಡೆ ಎತ್ತಿ ಬಾಯಿಗೆ ಹಾಕಿಕೊಂಡು, ಉಪ್ಪು ಸಾಕಾ ಅಂತ ನೋಡುತ್ತಿದ್ದಳು.

"ಅತ್ತೆ, ಮಾವನ ತಟ್ಟೆ ಯಾಕೆ ಬೇರೆ ಇಟ್ಟಿಲ್ಲ?"

ಕರಡಿ ಕೆಮ್ಮಿದ. ಅತ್ತೆ ಅಗಿಯುವುದನ್ನು ನಿಲ್ಲಿಸಿದಳು.

"ಅವರದ್ದು ಬೇರೆ, ನಿನ್ನದು ಬೇರೆ."

"ಕಾಯಿಲೆಯ ಹೆಸರು ಒಂದೇ ಅಲ್ವಾ? ಮಾತ್ರೇನೂ ಒಂದೇ."

"ತಂದವರು ಬೇರೆ, ತಗುಲಿಸ್ಕೊಂಡವರು ಬೇರೆ. ನನಗೆ ಲೆಕ್ಕ ಹೇಳಿಕೊಡೋಕೆ ಬರಬೇಡ."

"ಮಾವ..." ಅಂದಳು ಸೊಸೆ.

"ಊಟ ಮಾಡೋವಾಗ ಜಗಳ ಬೇಡ" ಎಂದು ಮಾವ ತಟ್ಟೆಯತ್ತ ತಲೆ ಬಗ್ಗಿಸಿದರು.

ಅಂದು ಸೊಸೆ ಉಣ್ಣದೆ ಎದ್ದಳು. ಮಾವ ತಲೆ ಬಗ್ಗಿಸಿದ ಆ ರೀತಿ ಅವಳ ಮೈಯೆಲ್ಲ ಉರಿಸಿತು. ಬೈದವರನ್ನು ಮರೆಯಬಹುದು, ಬಾಯಿದ್ದೂ ಸುಮ್ಮನೆ ಕೂತವರನ್ನು ಹೇಗೆ ಮರೆಯುವುದು? ಆದರೂ ಬೆಳಗ್ಗೆ ತಿಂಡಿಯ ಹೊತ್ತಿಗೆ ತನ್ನ ಮಾತ್ರೆ ತಾನು ನುಂಗಿ, ಮಾವನ ಮಾತ್ರೆಯನ್ನೂ ಚಹಾದ ಪಕ್ಕಕ್ಕಿಟ್ಟಳು. ಮಾವ ಅದನ್ನು ಜೇಬಿಗೆ ಹಾಕಿಕೊಂಡು "ಅಂಗಡೀಲಿ ತಗೋತೀನಿ, ಖಾಲಿ ಹೊಟ್ಟೆಗೆ ಆಗಲ್ಲ" ಅಂದರು. ಖಾಲಿ ಹೊಟ್ಟೆ ಎಲ್ಲಿ ಬಂತು, ಮೂರು ತುಂಡು ಬ್ರೆಡ್ಡು ಆಗಲೇ ಒಳಗೆ ಹೋಗಿತ್ತು. ಕೋಪದಲ್ಲಿದ್ದ ಸೊಸೆ ಅದನ್ನು ಗಮನಿಸಲಿಲ್ಲ.

ತಿಂಗಳ ಪರೀಕ್ಷೆಗೆ ಇಬ್ಬರೂ ಹೋದರು. ಡಾಕ್ಟರಮ್ಮ ಸೊಸೆಯ ಕಡೆ ನಕ್ಕರು. "ನಿಮ್ಮ ರಕ್ತದಲ್ಲಿ ಹುಡುಕಿದರೂ ಸಿಗ್ತಾ ಇಲ್ಲ. ಬಿಡದೆ ಪೂರ್ತಿ ಕೋರ್ಸು ಮುಗಿಸಿ, ಮುಗಿದು ಮೂರು ತಿಂಗಳಾದ ಮೇಲೆ ಕೊನೇ ಪರೀಕ್ಷೆ. ಆಗಲೂ ಇಲ್ಲ ಅಂದರೆ ವಾಸಿಯಾಯ್ತು ಅಂತಲೇ ಅರ್ಥ." ಮಾವನ ಕಡೆ ತಿರುಗಿದಾಗ ನಗು ಇರಲಿಲ್ಲ. "ನಿಮ್ಮದು ಇಳಿಯಬೇಕಾದಷ್ಟು ಇಳಿದಿಲ್ಲ. ದಿನಾ ತಗೋತಿದ್ದೀರಾ?"

"ದಿನಾ ತಗೋತೀನಮ್ಮ. ಒಂದು ದಿನ ಬಿಟ್ಟಿಲ್ಲ."

ಸುಳ್ಳು ಹೇಳುವ ಮುಖವಾಗಿರಲಿಲ್ಲ ಅದು. ಡಾಕ್ಟರಮ್ಮ ಹಣೆ ಉಜ್ಜಿಕೊಂಡರು.

ಮಾರನೇ ದಿನ ಮಧ್ಯಾಹ್ನ ಸೊಸೆ ಬುತ್ತಿ ತೆಗೆದುಕೊಂಡು ಸಲೂನಿಗೆ ಹೋದಳು. ಮಾವ ಒಬ್ಬ ಗಿರಾಕಿಯ ಕೆನ್ನೆಗೆ ನೊರೆ ಹಚ್ಚುತ್ತಿದ್ದರು. ಕನ್ನಡಿಯ ಕೆಳಗಿನ ಡ್ರಾಯರಿನಲ್ಲಿ ಚಮಚ ಹುಡುಕಲು ಕೈಹಾಕಿದರೆ ಅಲ್ಲೊಂದು ತಗಡಿನ ಡಬ್ಬಿ. ಮನೆಯ ಡಬ್ಬಿಯನ್ನು ಅವಳೇ ಕೈಯಾರೆ ಎಸೆದಿದ್ದಳು, ಇದು ಅದರ ತಮ್ಮ. ಇನ್ನೂ ಬ್ಲೇಡು ಕೂಡಿಡುವ ಚಾಳಿ ಬಿಟ್ಟಿಲ್ಲವಲ್ಲ ಎಂದು ಸಿಟ್ಟಿನಿಂದ ಮುಚ್ಚಳ ತೆಗೆದಳು. ಬ್ಲೇಡು ಒಂದೂ ಇರಲಿಲ್ಲ. ಕಾಗದದ ಮೇಲೆ ಸಾಲಾಗಿ ಮಾತ್ರೆಯ ಹೋಳುಗಳು. ಒಂದೊಂದೂ ಸರಿಯಾಗಿ ಅರ್ಧ, ಒಂದು ಚೂರು ಪುಡಿಯಾಗಿಲ್ಲ, ಅಷ್ಟು ನಯವಾದ ಕೊಯ್ತ.

ಗಿರಾಕಿ ಹೋಗುವವರೆಗೂ ಅವಳು ಬೆಂಚಿನ ಮೇಲೆ ಹಲ್ಲು ಕಚ್ಚಿಕೊಂಡು ಕೂತಿದ್ದಳು. ಅವನು ಹೊಸ್ತಿಲು ದಾಟಿದನೋ ಇಲ್ಲವೋ, ಡಬ್ಬಿಯನ್ನು ಮಾವನ ಮುಂದೆ ಹಿಡಿದಳು.

"ಏನಿದು?"

ಮಾವ ಬ್ರಷ್ಷು ತೊಳೆಯತೊಡಗಿದರು. "ಅದು... ಆವತ್ತು ಆಸ್ಪತ್ರೆ ಕೌಂಟರಿನವನು ಅಂದ್ನಲ್ಲ, ಮುಂದಿನ ಸ್ಟಾಕು ಬರೋದು ತಡ ಆಗಬಹುದು ಅಂತ. ನಿನ್ನದು ಮಧ್ಯದಲ್ಲಿ ನಿಂತುಹೋದ್ರೆ? ಅದಕ್ಕೆ ಅರ್ಧ ನಾನು ತಗೊಂಡು, ಅರ್ಧ ನಿನಗೆ ಅಂತ..."

"ನನಗೆ ಅಂತ!"

"ನನಗೇನಮ್ಮ, ಆಯ್ತು ವಯಸ್ಸು. ನಿನಗೆ ಚಿಕ್ಕ ಮಗು. ನಾನು ಕೊಟ್ಟ ಕಾಯಿಲೆ, ನಿನ್ನದಾದ್ರೂ ಪೂರ್ತಿ ಹೋಗಲಿ ಅಂತ."

ಸೊಸೆಗೆ ಅಳು ಬಂತು, ಅದಕ್ಕಿಂತ ಮೊದಲು ಸಿಟ್ಟು ಬಂತು. ಆರು ವರ್ಷದಲ್ಲಿ ಮಾವನ ಎದುರು ದನಿ ಏರಿಸದವಳು ಅವತ್ತು ಬೀದಿಗೆ ಕೇಳುವಂತೆ ಕೂಗಿದಳು.

"ಮಾತ್ರೆ ಏನು ಬ್ಲೇಡಾ ಮಾವ, ಎರಡು ಹೋಳು ಮಾಡಿ ಇಬ್ಬರಿಗೆ ಬಳಸೋಕೆ? ನಿಮ್ಮ ಲಿವರು ಕಲ್ಲಾಗ್ತಾ ಇದೆ, ನೀವು ಇಲ್ಲಿ ಕೂತು ಉಳಿತಾಯ ಮಾಡ್ತಿದ್ದೀರಿ! ನಿಮಗೆ ಏನಾದ್ರೂ ಆದ್ರೆ ಅತ್ತೆ ನನ್ನ ಈ ಜನ್ಮದಲ್ಲಿ ಬಿಡ್ತಾರಾ? ನಾನೇ ಕೊಂದೆ ಅಂತಾರೆ. ಈಗಾಗಲೇ ತಂದವಳು, ಆಮೇಲೆ ಕೊಂದವಳು!"

"ಮೆಲ್ಲಗೆ, ಮೆಲ್ಲಗೆ..."

"ನನಗೆ ನಿಮ್ಮ ಅರ್ಧ ಮಾತ್ರೆ ಬೇಡ. ನನಗೆ ಬೇಕಾಗಿರೋದು ಒಂದು ಪೂರ್ತಿ ಮಾತು. ಅದನ್ನ ಅತ್ತೆ ಮುಂದೆ ಹೇಳಿ."

ಮಾವ ಗಿರಾಕಿ ಕೂರುವ ಕುರ್ಚಿಯಲ್ಲಿ ತಾವೇ ಕುಸಿದು ಕೂತರು. ಕನ್ನಡಿಯಲ್ಲಿ ಇಬ್ಬರ ಮುಖವೂ ಕಾಣುತ್ತಿತ್ತು. ಅವರು ಟವೆಲಿನಿಂದ ಕಣ್ಣೊರೆಸಿಕೊಂಡು ಅಂದರು: "ಹೆದರಿಕೆ ಕಣಮ್ಮ. ಅಂಗಡಿ ಹೋಗುತ್ತೆ ಅಂತ ಹೆದರಿಕೆ. ಅವಳು ನನ್ನ ಮುಖ ಹೇಗೆ ನೋಡ್ತಾಳೋ ಅಂತ ಅದಕ್ಕಿಂತ ಹೆದರಿಕೆ."

"ನನ್ನ ಮುಖ ಹೇಗೆ ನೋಡ್ತಿದ್ದಾರೆ ಅಂತ ನೀವು ದಿನಾ ನೋಡ್ತಿದ್ದೀರಲ್ಲ ಮಾವ."

ಅಷ್ಟು ಸಾಕಾಯಿತು. ಮಾವ ಅಂಗಡಿಗೆ ಬೀಗ ಹಾಕಿ, ಬುತ್ತಿಯನ್ನು ಹಾಗೇ ಹಿಡಿದುಕೊಂಡು, ಸೊಸೆಯ ಹಿಂದೆ ಮನೆಗೆ ನಡೆದರು.

ಅತ್ತೆ ಅಡುಗೆಮನೆಯಲ್ಲಿ ಸೊಪ್ಪು ಸೋಸುತ್ತಿದ್ದಳು. ಹಗಲು ಹೊತ್ತಲ್ಲಿ ಗಂಡ ಬಂದದ್ದು ಕಂಡು "ಏನಾಯ್ತು? ತಲೆ ಸುತ್ತು ಬಂತಾ?" ಎಂದು ಎದ್ದಳು.

"ಕೂತ್ಕೋ. ಅವಳು ನನಗೆ ಕೊಟ್ಟದ್ದಲ್ಲ, ನಾನು ಅವಳಿಗೆ ಕೊಟ್ಟದ್ದು."

"ಏನನ್ನ?"

"ಕಾಯಿಲೇನ. ನನಗೆ ಇಪ್ಪತ್ತು ವರ್ಷದಿಂದ ಇದೆಯಂತೆ, ಇವಳು ಈ ಮನೆಗೆ ಬರೋಕೆ ಎಷ್ಟೋ ಮುಂಚೆ. ನನ್ನ ಡಬ್ಬಿ ಬ್ಲೇಡಿಂದ ಇವಳಿಗೆ ಬಂತು. ಡಾಕ್ಟರಮ್ಮ ಅವತ್ತೇ ಹೇಳಿದ್ರು. ನಾನು ಬಾಯಿ ಮುಚ್ಕೊಂಡಿದ್ದೆ."

ಅತ್ತೆಯ ಕೈಯಲ್ಲಿ ಸೊಪ್ಪಿನ ಕಂತೆ ಹಾಗೇ ನಿಂತಿತು. ಗಂಡನನ್ನು ನೋಡಿದಳು, ಸೊಸೆಯನ್ನು ನೋಡಿದಳು, ಕಿಟಕಿಕಟ್ಟೆಯ ಮೇಲಿನ ತಟ್ಟೆಯನ್ನು ನೋಡಿದಳು. ಆಮೇಲೆ ಕಂತೆಯನ್ನು ಗಂಡನ ಎದೆಗೆ ಬೀಸಿ ಎಸೆದಳು.

"ಅವತ್ತೇ ಗೊತ್ತಿತ್ತಾ? ಇಷ್ಟು ದಿನ ಬಾಯಲ್ಲಿ ಏನು ಕಡುಬು ತುರುಕ್ಕೊಂಡಿದ್ರಾ? ನಿಮ್ಮ ಪಕ್ಕ ಕೂತು ನಾನು ಈ ಹುಡುಗೀನ ಬಾಯಿಗೆ ಬಂದ ಹಾಗೆ ಅಂತಿದ್ದೆ, ನೀವು ಆಲೂಗಡ್ಡೆ ನುಂಗ್ತಾ ಕೂತಿದ್ರಿ! ನನ್ನನ್ನ ಪಾಪಿ ಮಾಡಿದ್ರಲ್ರೀ!"

"ಮಾಡಿದೆ" ಅಂದರು ಮಾವ. "ತಪ್ಪಾಯ್ತು. ಇಬ್ಬರಿಗೂ ಹೇಳ್ತಿದ್ದೀನಿ."

ಅತ್ತೆಯ ಬಾಯಿಗೆ ಬೈಗುಳ ಸಲೀಸು, ಕ್ಷಮಿಸು ಎಂಬ ಮಾತು ಅಭ್ಯಾಸವಿಲ್ಲ. ಆದರೆ ಸಂಜೆ ತಟ್ಟೆ ಲೋಟಗಳು ಕಪಾಟಿಗೆ ಮರಳಿದ್ದವು, ದಾರ ಕಾಣಿಸಲಿಲ್ಲ. ಗುಂಡಿಯ ದಿಂಬನ್ನೂ ತಾನೇ ತಂದು ಸೊಸೆಯ ಹಾಸಿಗೆಯ ಮೇಲೆ ಹಾಕಿ, "ಕತ್ತೆ ಹಾಗೆ ಒದೀತಾಳೆ, ನನ್ನ ಸೊಂಟ ಹೋಯ್ತು. ನೀನೇ ಮಲಗಿಸ್ಕೋ" ಎಂದು ಹೊರಟುಹೋದಳು. ಸೊಸೆ ಮಗಳ ಕೂದಲಲ್ಲಿ ಮುಖ ಇಟ್ಟುಕೊಂಡು ಎಷ್ಟೋ ದಿನದ ನಿದ್ದೆಯನ್ನು ಒಂದೇ ರಾತ್ರಿಗೆ ಮಾಡಿದಳು.

ಡಾಕ್ಟರಮ್ಮನ ಮುಂದೆ ಡಬ್ಬಿ ತೆರೆದಾಗ ಅವರು ಮೊದಲು ಬೈದರು. ಅರ್ಧಂಬರ್ಧ ತಗೊಂಡ್ರೆ ವೈರಸ್ಸು ಸಾಯಲ್ಲ, ಔಷಧಿಗೇ ಪಳಗಿಬಿಡುತ್ತೆ. ಹೊಸದಾಗಿ ಶುರು ಮಾಡಬೇಕು, ಈ ಸಲ ಆರು ತಿಂಗಳು, ಜೊತೆಗೆ ಇನ್ನೊಂದು ಮಾತ್ರೆ. ಆಮೇಲೆ ಒಂದು ಹೋಳನ್ನು ಬೆರಳಲ್ಲಿ ಹಿಡಿದು ನೋಡಿ, "ಕೈ ಮಾತ್ರ ಬಹಳ ಚೆನ್ನಾಗಿದೆ ಯಜಮಾನ್ರೇ" ಅಂದರು. ಮಾವನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

ಅಂದಿನಿಂದ ಮಾತ್ರೆಯ ಉಸ್ತುವಾರಿ ಅತ್ತೆಗೆ. ಬೆಳಗ್ಗೆ ಗಂಡನ ಎದುರು ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಿದ್ದಳು. "ನುಂಗಿ. ಬಾಯಿ ತೆಗೀರಿ. ನಾಲಿಗೆ ಎತ್ತಿ." ಪಕ್ಕದಲ್ಲಿ ಗುಂಡಿಯೂ ಅಜ್ಜಿಯ ಹಾಗೇ ನಿಂತು "ನಾಲಿಗೆ ಎತ್ತಿ" ಅನ್ನುತ್ತಿದ್ದಳು. ಆರು ತಿಂಗಳು ಇದೇ ಕವಾಯತು. ಹೊಸ ಮಾತ್ರೆಗೆ ಮಾವ ಸುಸ್ತಾಗಿ ಮಧ್ಯಾಹ್ನ ಅಂಗಡಿ ಮುಚ್ಚಬೇಕಾದ ದಿನಗಳೂ ಇದ್ದವು. ಅಂಥ ದಿನ ಅತ್ತೆ ಬೈಯುವುದನ್ನು ನಿಲ್ಲಿಸಿ ಕಾಲೊತ್ತುತ್ತಾ ಕೂರುತ್ತಿದ್ದಳು.

ಸಲೂನಿನಲ್ಲಿಯೂ ಮಾವ ಬಾಯಿಬಿಟ್ಟರು. ಹಳೇ ಗಿರಾಕಿಗಳು ಬಂದರೆ, "ಒಂದೇ ಕತ್ತಿಯ ಕಾಲದಲ್ಲಿ ನನ್ನ ಹತ್ತಿರ ಗಡ್ಡ ಮಾಡಿಸಿದೋರು ನೀವು. ನನಗೆ ಹೀಗಾಗಿದೆ. ಒಂದು ಸಲ ರಕ್ತ ತೋರಿಸಿ" ಎನ್ನುತ್ತಿದ್ದರು. ಕೆಲವರು ಟವೆಲ್ಲನ್ನೂ ತೆಗೆಯದೆ ಎದ್ದು ಹೋದರು. ಕೆಲವರು ಪರೀಕ್ಷೆಗೆ ಹೋದರು. ಅದರಲ್ಲಿ ನಿವೃತ್ತ ಮೇಷ್ಟರೊಬ್ಬರಿಗೆ ಕಾಯಿಲೆ ಇರುವುದು ಗೊತ್ತಾಗಿ ಅವರೂ ಮಾತ್ರೆ ಶುರು ಮಾಡಿದರು. ಎದ್ದು ಹೋದವರಲ್ಲಿ ಅರ್ಧ ಜನ ನಿಧಾನವಾಗಿ ಮರಳಿದರು. ಅಂಗಡಿ ಮುಚ್ಚಲಿಲ್ಲ, ಮಾವ ಹೆದರಿದಷ್ಟು ಜನ ಕೆಟ್ಟವರಾಗಿರಲಿಲ್ಲ.

ಸೊಸೆಯ ಕೊನೇ ಪರೀಕ್ಷೆ ಮೊದಲು ಬಂತು. ವೈರಸ್ಸು ಇಲ್ಲ. ಮನೆಯಲ್ಲಿ ಎಲ್ಲರೂ ಖುಷಿಪಟ್ಟರು. ಆದರೆ ಹೊಲಿಗೆ ಮಿಷನ್ನಿನ ಮುಂದೆ ಬಟ್ಟೆ ಮಾತ್ರ ಬಂದು ಬೀಳಲಿಲ್ಲ. ಪಕ್ಕದ ಬೀದಿಯವರು ಬರುತ್ತಿದ್ದರು, ತಮ್ಮ ಬೀದಿಯವರು ಕಣ್ತಪ್ಪಿಸಿ ನಡೆಯುತ್ತಿದ್ದರು. ಮನೆಯೊಳಗೆ ಬಾಲ ಕಳಚಿತ್ತು, ಬೀದಿಯಲ್ಲಿ ಅವಳಿನ್ನೂ ಕಾಯಿಲೆ ತಂದವಳೇ. ಒಂದು ಸಲ ಕರಡಿಗೆ ಹೇಳಿ ಕಣ್ಣೀರು ಹಾಕಿದಳು. "ವಾಸಿಯಾಗಿದೆ ಅಂತ ಮನೆ ಮನೆಗೆ ಹೋಗಿ ಕಾಗದ ತೋರಿಸ್ಲಾ?" ಅಂದ ಅವನು. "ಅದು ತೋರಿಸಿದ್ರೆ ವಾಸಿಯಾಗಿದ್ದು ಗೊತ್ತಾಗುತ್ತೆ. ನಾನು ತಂದಿಲ್ಲ ಅನ್ನೋದು ಯಾವ ಕಾಗದದಲ್ಲಿ ಇದೆ?" ಅಂದಳು ಸೊಸೆ. ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದ ಅತ್ತೆ ಅದನ್ನು ಕೇಳಿಸಿಕೊಂಡದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಕಡೆಗೂ ಮಾವನ ಕೊನೇ ಪರೀಕ್ಷೆಯ ದಿನ ಬಂತು. ಅವರೂ ಪಾರಾಗಿದ್ದರು. ಲಿವರಿನ ಗಟ್ಟಿತನ ಪೂರ್ತಿ ಹೋಗಲಿಕ್ಕಿಲ್ಲ, ವರ್ಷಕ್ಕೆ ಎರಡು ಸಲ ಸ್ಕ್ಯಾನಿಗೆ ಬರಬೇಕು, ಆದರೆ ವೈರಸ್ಸು ಮಾತ್ರ ಇಲ್ಲ ಎಂದು ಡಾಕ್ಟರಮ್ಮ ಕೈಕುಲುಕಿ ಕಳಿಸಿದರು. ಮನೆಗೆ ಬಂದ ಮಾವ ಚಪ್ಪಲಿ ಬಿಡುವ ಮೊದಲೇ ಅತ್ತೆ ಮುಖ ನೋಡಿ ತಿಳಿದುಕೊಂಡಳು. ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋಗಿ, ಯಾರಿಗೂ ಕಾಣದಂತೆ ಅತ್ತು, ಮುಖ ತೊಳೆದು ಹೊರಬಂದಳು.

ಸಂಜೆ ಬೇಕರಿಯವಳು ಬಂದಳು, ಕೈಯಲ್ಲಿ ಒಂದು ಕೇಕು, ಕಂಕುಳಲ್ಲಿ ಹೊಸ ಬಟ್ಟೆ. ಸುದ್ದಿ ಅವಳಿಗೆ ಹೇಗೆ ಮುಟ್ಟಿತೋ, ಅವಳಿಗೆ ಮುಟ್ಟದ ಸುದ್ದಿ ಆ ಬೀದಿಯಲ್ಲಿ ಹುಟ್ಟಿಲ್ಲ. ಮುಂದಿನ ಕೋಣೆಯಲ್ಲಿ ಸೊಸೆ ಒಂದು ಪರದೆಗೆ ಅಂಚು ಹೊಲಿಯುತ್ತಿದ್ದಳು. ಬೇಕರಿಯವಳು ಬಟ್ಟೆಯನ್ನು ಮಿಷನ್ನಿನ ಮೇಲಿಟ್ಟು, ಹೊಸ್ತಿಲಲ್ಲಿ ಕೂತಿದ್ದ ಅತ್ತೆಯ ಕಿವಿಯ ಹತ್ತಿರ ಬಗ್ಗಿದಳು. ಮಿಷನ್ನಿನ ಸದ್ದಿಗೆ ಸೊಸೆಗೆ ಕೇಳಲಾರದು ಅಂದುಕೊಂಡಿದ್ದಳು.

"ಅಂತೂ ನಿಮ್ಮವರು ಪಾರಾದ್ರಲ್ಲ, ಅಷ್ಟೇ ಸಾಕು. ಅವಳು ತಂದು ಹಚ್ಚಿದ್ದಕ್ಕೆ ನೀವು ಎಷ್ಟು ಅನುಭವಿಸಿದ್ರಿ! ಪಾಪ, ಹೋಗಲಿ ಬಿಡಿ, ಕ್ಷಮಿಸಿಬಿಡಿ ಅವಳನ್ನ."

ಸೊಸೆಯ ಕಾಲು ಮಿಷನ್ನಿನ ಪೆಡಲಿನ ಮೇಲೆ ನಿಂತಿತು.

ಅತ್ತೆ ಎದ್ದು ನಿಂತಳು. ಕೋಣೆಯಿಂದ ಹೊರಗೆ, ಮೆಟ್ಟಿಲಿಗೆ ಬಂದಳು. ಎದುರುಮನೆಯವಳು ಬಟ್ಟೆ ಒಣಹಾಕುತ್ತಿದ್ದಳು, ಪಕ್ಕದ ಮನೆಯ ಇಬ್ಬರು ಗೇಟಿಗೊರಗಿ ಹರಟುತ್ತಿದ್ದರು. ಅತ್ತೆ ಗಂಟಲು ಸರಿಮಾಡಿಕೊಂಡಳು.

"ಏನಂದೆ? ಜೋರಾಗಿ ಹೇಳು."

"ಅಯ್ಯೋ, ಏನಿಲ್ಲ ಬಿಡಿ..."

"ಇದೆ. ನಾನೇ ನಿನಗೆ ಹೇಳಿದ್ದು, ಇವಳು ಕಾಯಿಲೆ ತಂದಳು ಅಂತ. ಗುಟ್ಟಲ್ಲಿ ಹೇಳಿದ್ದೆ, ಬೀದಿಯೆಲ್ಲ ತಿರುಗಾಡಿ ಬಂತು. ಈಗ ಕೂಗಿ ಹೇಳ್ತೀನಿ, ಇದನ್ನೂ ತಿರುಗಿಸು. ನಾನು ಹೇಳಿದ್ದು ಸುಳ್ಳು. ಕಾಯಿಲೆ ನಮ್ಮ ಮನೆಯಲ್ಲಿ ಮೊದಲೇ ಇತ್ತು, ನನ್ನ ಗಂಡನ ಮೈಯಲ್ಲಿ. ಇವಳಿಗೆ ಅದನ್ನ ಕೊಟ್ಟದ್ದು ನಾವು." ಎದುರುಮನೆಯವಳ ಕೈಯಲ್ಲಿ ಒದ್ದೆ ಬಟ್ಟೆ ಹಾಗೇ ನೇತಾಡುತ್ತಿತ್ತು. ಅತ್ತೆಯ ದನಿ ಒಡೆಯಿತು, ಆದರೆ ಇಳಿಯಲಿಲ್ಲ. "ನಿನ್ನ ಗಂಡನಿಗೆ ಅಂತ ಇವಳು ರಕ್ತ ಕೊಡೋಕೆ ಹೋಗದೆ ಇದ್ದಿದ್ರೆ ನಮಗೆ ಗೊತ್ತೇ ಆಗ್ತಿರಲಿಲ್ಲ. ಇಷ್ಟು ಹೊತ್ತಿಗೆ ನಾನು ಇವರ ಫೋಟೋ ಗೋಡೆಗೆ ಹಾಕಿರ್ತಿದ್ದೆ. ಈ ಮನೆಗೆ ಇವಳು ತಂದದ್ದು ನನ್ನ ಗಂಡನ್ನ. ಕೇಳಿಸ್ತಾ ಎಲ್ಲರಿಗೂ?"

ಬೀದಿಗೆ ಕೇಳಿಸಿತ್ತು. ಒಳಗೆ ಕುರ್ಚಿಯಲ್ಲಿ ಕೂತಿದ್ದ ಮಾವನಿಗೂ ಕೇಳಿಸಿತು, ಅವರು ಎದ್ದು ಬಂದು ಹೆಂಡತಿಯ ಹಿಂದೆ ನಿಂತು "ಹೌದು" ಅಂದರು.

ಅತ್ತೆ ಒಳಗೆ ತಿರುಗಿದಾಗ ಸೊಸೆ ಮಿಷನ್ನಿಗೆ ತಲೆಯಾನಿಸಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಕೈಗೆ ಸಿಕ್ಕ ಬಟ್ಟೆಯಲ್ಲಿ ಕಣ್ಣು ಮೂಗು ಎಲ್ಲ ಒರೆಸಿಕೊಳ್ಳುತ್ತಿದ್ದಳು. ಅತ್ತೆ ಹತ್ತಿರ ಹೋಗಿ ಅವಳ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು.

"ಸಾಕು ಸುಮ್ನಿರೇ ಮಗಳೇ. ಬಟ್ಟೆಯೆಲ್ಲ ಒದ್ದೆ ಮಾಡಿಬಿಟ್ಟೆ. ಯಾರದು ಅದು?"

ಸೊಸೆ ತಲೆಯೆತ್ತದೆಯೇ ಬೇಕರಿಯವಳ ಕಡೆ ಬೆರಳು ತೋರಿಸಿದಳು.

"ನನ್ನದೇ" ಅಂದಳು ಬೇಕರಿಯವಳು, ಬಹಳ ಸಣ್ಣ ದನಿಯಲ್ಲಿ. "ಪರವಾಗಿಲ್ಲ. ಅಳತೆ ತಗೋತೀಯಾ?"